ಬಹುರೂಪಿಯ ಬೆನ್ನು ಹತ್ತಿದವರು

ಇನ್‌ಫ್ಲುಯೆಂಜಾ ಲಸಿಕೆಯನ್ನು ವರ್ಷವರ್ಷವೂ ಏಕೆ ಚುಚ್ಚಿಸಿಕೊಳ್ಳಬೇಕೆಂದು ವಿದ್ಯಾರ್ಥಿಗಳು ನನ್ನನ್ನು ಕೇಳುವುದುಂಟು. ಉತ್ತರವಾಗಿ ನಾನು ಅಮೆರಿಕದ ವೈದ್ಯ ಥಾಮಸ್ ಫ್ರಾನ್ಸಿಸರ ಕಥೆಯನ್ನು ಹೇಳುತ್ತೇನೆ.

1900ರಲ್ಲಿ ಇಂಡಿಯಾನಾ ರಾಜ್ಯದಲ್ಲಿ ಹುಟ್ಟಿ ಯೇಲ್ ವಿಶ್ವವಿದ್ಯಾನಿಲಯದಲ್ಲಿ ವೈದ್ಯ ಕಲಿತ ಅವರು, 1934ರಲ್ಲಿ ಪೋರ್ಟೊರಿಕೋದ ರೋಗಿಗಳಿಂದ ಈ ಜ್ವರದ ವೈರಸ್ಸನ್ನು ಬೇರ್ಪಡಿಸಿದರು. 1940ರಲ್ಲಿ ಅದರ ಇನ್ನೊಂದು ಜಾತಿಯಾದ ‘ಬಿ’ಯನ್ನು ಕಂಡುಹಿಡಿದರು. ಮಹಾಯುದ್ಧದ ಕಾಲದಲ್ಲಿ ಅವರ ನೇತೃತ್ವದಲ್ಲಿ ಸಿದ್ಧವಾದ ಲಸಿಕೆ 1943ರ ಪರೀಕ್ಷೆಯಲ್ಲಿ ಸೈನಿಕರನ್ನು ಚೆನ್ನಾಗಿ ಕಾಪಾಡಿತು.

1947ರಲ್ಲಿ ಲಸಿಕೆ ಸೋತಿತು. ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಚುಚ್ಚಿಸಿಕೊಂಡ ವಿದ್ಯಾರ್ಥಿಗಳೂ ಚುಚ್ಚಿಸಿಕೊಳ್ಳದವರೂ ಹೆಚ್ಚುಕಡಮೆ ಒಂದೇ ಪ್ರಮಾಣದಲ್ಲಿ ಹಾಸಿಗೆ ಹಿಡಿದರು. ಬಹುರೂಪಿ ವೇಷ ಬದಲಿಸಿದ್ದ! ಫ್ರಾನ್ಸಿಸರು ಈ ಸೋಲನ್ನು ಮುಚ್ಚಿಡದೆ, ಜೋನಾಸ್ ಸಾಕ್ ಮೊದಲಾದ ಸಹೋದ್ಯೋಗಿಗಳೊಡನೆ ತಾವೇ ಅಂಕಿಅಂಶಗಳ ಸಮೇತ ಪ್ರಕಟಿಸಿದರು. 1955ರಲ್ಲಿ ಪೋಲಿಯೋ ಲಸಿಕೆಯ ಗೆಲವನ್ನು ಅವರು ಲೋಕಕ್ಕೆ ಸಾರಿದ ದಿನಕ್ಕಿಂತ ಈ ಪುಟ್ಟ ಲೇಖನವೇ ನನಗೆ ದೊಡ್ಡದೆನಿಸುತ್ತದೆ.

ವೈರಸ್ಸಿನ ಜೀನುಗಳನ್ನು ಓದುವ ಸಾಧನ ಅವರಿಗಿರಲಿಲ್ಲ. ಬೇರೆಬೇರೆ ವಯಸ್ಸಿನವರ ರಕ್ತವನ್ನೇ ಹಳೆಯ ಕಡತದಂತೆ ಓದಿದರು. ಬಾಲ್ಯದಲ್ಲಿ ಮೊದಲು ತಗಲಿದ ವೈರಸ್ಸಿನ ಗುರುತು ದೇಹದಲ್ಲಿ ಬಹುಕಾಲ ಉಳಿಯುವುದೆಂದು ಕಂಡು, 1960ರಲ್ಲಿ ಅದನ್ನು ಕ್ರೈಸ್ತರ ಆದಿಪಾಪದ ಹೆಸರಿನಿಂದ ಕರೆದರು. 1969ರಲ್ಲಿ ತೀರಿಕೊಂಡರು.

ಇಂದು ವಿಜ್ಞಾನಿಗಳು ವೈರಸ್ಸಿನ ಎಂಟು ಆರ್‌ಎನ್‌ಎ ತುಣುಕುಗಳನ್ನು ಅಕ್ಷರ ಅಕ್ಷರವಾಗಿ ಓದಿ ಅದರ ವಂಶವೃಕ್ಷವನ್ನು ಬರೆಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆರಡು ಬಾರಿ ಲಸಿಕೆಗೆ ತಕ್ಕ ತಳಿಗಳನ್ನು ಸೂಚಿಸುತ್ತದೆ. ಹೊಸ ತಳಿಯ ಹೊರಮೈಯ ಜೀನುಗಳನ್ನು, ಮೊಟ್ಟೆಯಲ್ಲಿ ಹುಲುಸಾಗಿ ಬೆಳೆಯಲೆಂದು, ಫ್ರಾನ್ಸಿಸರು 1934ರಲ್ಲಿ ಹಿಡಿದ ಆ ಹಳೆಯ ವೈರಸ್ಸಿನ ಒಳಜೀನುಗಳೊಡನೆ ಕೂಡಿಸುವ ಕ್ರಮ ಇಂದಿಗೂ ನಡೆದಿದೆ.