ಮಾರ್ಸೆಲ್ಲೊ ಮಾಲ್ಪೀಘಿ

ಮಾರ್ಸೆಲ್ಲೊ ಮಾಲ್ಪೀಘಿ (1628–1694) ಇಟಲಿಯ ವೈದ್ಯ ಹಾಗೂ ಜೀವವಿಜ್ಞಾನಿ. ಸೂಕ್ಷ್ಮದರ್ಶಕದ ನೆರವಿನಿಂದ ಪ್ರಾಣಿ ಮತ್ತು ಸಸ್ಯಗಳ ಒಳರಚನೆಯನ್ನು ಅಭ್ಯಸಿಸಿದ ಮೊದಲಿಗರಲ್ಲಿ ಒಬ್ಬ. ಎಲೆ, ಮೊಗ್ಗುಗಳ ಮೇಲೆ ಮೂಡುವ ಗಂಟುಗಳಿಗೆ ಕೀಟಗಳು ಇಡುವ ಮೊಟ್ಟೆಗಳೇ ಕಾರಣವೆಂದು ತೋರಿಸಿದವನೂ ಈತನೇ.

ಜೀವನ

ಮಾಲ್ಪೀಘಿ ಬೊಲೋನ್ಯಾ ನಗರದ ಸಮೀಪದ ಕ್ರೆವಾಲ್‌ಕೋರೆಯಲ್ಲಿ ಜನಿಸಿದನು. ವಿದ್ಯಾರ್ಥಿಯಾಗಿದ್ದಾಗಲೇ ತಂದೆತಾಯಿಗಳನ್ನು ಕಳೆದುಕೊಂಡನು. 1653ರಲ್ಲಿ ವೈದ್ಯಪದವಿ ಪಡೆದು ಪೀಸಾ, ಮೆಸ್ಸೀನಾ ಮತ್ತು ಬೊಲೋನ್ಯಾಗಳಲ್ಲಿ ಅಧ್ಯಾಪಕನಾಗಿದ್ದನು. 1661ರಲ್ಲಿ ಕಪ್ಪೆಯ ಶ್ವಾಸಕೋಶದಲ್ಲಿ ಲೋಮನಾಳಗಳನ್ನು ಗುರುತಿಸಿದನು. ವಿಲಿಯಂ ಹಾರ್ವೆ ಪ್ರತಿಪಾದಿಸಿದ್ದ ರಕ್ತಪರಿಚಲನೆಯಲ್ಲಿ ಅಪಧಮನಿಗಳನ್ನೂ ಅಭಿಧಮನಿಗಳನ್ನೂ ಜೋಡಿಸುವ ಕೊಂಡಿ ಇದರಿಂದ ದೊರೆಯಿತು. 1669ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಈತನನ್ನು ಸದಸ್ಯನನ್ನಾಗಿ ಆರಿಸಿಕೊಂಡಿತು.

ಸಸ್ಯಗಂಟುಗಳ ಅಧ್ಯಯನ

ಓಕ್ ಮರದ ಗಂಟುಗಳು ಶಾಯಿ ತಯಾರಿಕೆಗೂ ಔಷಧಕ್ಕೂ ಪ್ರಾಚೀನಕಾಲದಿಂದ ಬಳಕೆಯಲ್ಲಿದ್ದವು. ನಮ್ಮ ಗ್ರಂಥಿಗೆ ಅಂಗಡಿಗಳಲ್ಲಿ ದೊರೆಯುವ ಮಾಚಿಕಾಯಿಯೂ ಇಂತಹದೇ ಒಂದು ಗಂಟು. ಹೆಸರಿನಲ್ಲಿ ಕಾಯಿ ಎಂದಿದ್ದರೂ ಅದು ಕಾಯಲ್ಲ. ಗಂಟನ್ನು ಸೀಳಿದರೆ ಒಳಗೆ ಹುಳು ಕಾಣುತ್ತದೆ. ಹೊರಗೆ ದ್ವಾರವಿಲ್ಲದ ಗಂಟಿನೊಳಗೆ ಅದು ಬಂದದ್ದೆಲ್ಲಿಂದ ಎಂಬುದು ಅಂದಿನ ಜಟಿಲ ಪ್ರಶ್ನೆಯಾಗಿತ್ತು. ಮಾಂಸ ಕೊಳೆತು ಹುಳು ಹುಟ್ಟುತ್ತದೆ ಎಂಬ ನಂಬಿಕೆಯನ್ನು 1668ರಲ್ಲಿ ಪ್ರಯೋಗದಿಂದ ಅಲ್ಲಗಳೆದ ಫ್ರಾಂಚೆಸ್ಕೊ ರೆಡಿ ಕೂಡ, ಗಂಟಿನ ಹುಳುವನ್ನು ಗಿಡದ ಜೀವಶಕ್ತಿಯೇ ಸೃಷ್ಟಿಸುತ್ತದೆಂದು ಭಾವಿಸಿದ್ದನು.

ಮಾಲ್ಪೀಘಿ ಹಲವು ಬಗೆಯ ಗಂಟುಗಳನ್ನು ಕೊಯ್ದು ಪರೀಕ್ಷಿಸಿ, ಚಿತ್ರ ಬರೆದನು. ಸಣ್ಣ ಕಣಜವೊಂದು ಓಕ್ ಮೊಗ್ಗಿನೊಳಗೆ ಮೊಟ್ಟೆ ಇಡುವುದನ್ನು ಪ್ರತ್ಯಕ್ಷವಾಗಿ ಕಂಡನು. ಮೊಟ್ಟೆಯೊಡನೆ ಕೀಟವು ಸೇರಿಸುವ ದ್ರವದಿಂದ ಸಸ್ಯದ ಭಾಗ ಉಬ್ಬಿ ಗಂಟಾಗುತ್ತದೆಂದು ವಿವರಿಸಿದನು. ರಾಯಲ್ ಸೊಸೈಟಿ 1675 ಮತ್ತು 1679ರಲ್ಲಿ ಎರಡು ಭಾಗಗಳಾಗಿ ಪ್ರಕಟಿಸಿದ ಈತನ ಸಸ್ಯರಚನಾ ಗ್ರಂಥದ ಎರಡನೆಯ ಭಾಗದಲ್ಲಿ ಈ ಅಧ್ಯಯನವಿದೆ. ಮುಂದೆ ಈತನ ಶಿಷ್ಯ ಅಂತೋನಿಯೊ ವಲ್ಲಿಸ್ನೇರಿ ಇದನ್ನು ಸಮರ್ಥಿಸಿದನು. ಕಣಜಗಳ ಗಂಟುಗಳಲ್ಲಿ ಮರಿಹುಳುವಿನ ಪಾತ್ರವೂ ದೊಡ್ಡದೆಂದು ಈಗ ತಿಳಿದಿದೆ. ಆದರೆ ಗಂಟಿಗೆ ಕೀಟವೇ ಮೂಲವೆಂಬ ನಿರ್ಣಯ ಇಂದಿಗೂ ನಿಂತಿದೆ.

ಕೊನೆಯ ದಿನಗಳು

1684ರಲ್ಲಿ ಮನೆಗೆ ಬೆಂಕಿ ಬಿದ್ದು ಸೂಕ್ಷ್ಮದರ್ಶಕಗಳೂ ಹಸ್ತಪ್ರತಿಗಳೂ ನಾಶವಾದವು. ಆದರೂ ಮಾಲ್ಪೀಘಿ ಸಂಶೋಧನೆಯನ್ನು ಕೈಬಿಡಲಿಲ್ಲ. 1691ರಲ್ಲಿ ಪೋಪ್ ಹನ್ನೆರಡನೆಯ ಇನ್ನೊಸೆಂಟನ ವೈದ್ಯನಾಗಿ ರೋಮ್ ನಗರಕ್ಕೆ ತೆರಳಿ, 1694ರಲ್ಲಿ ಅಲ್ಲಿಯೇ ನಿಧನನಾದನು. ಕೀಟಗಳ ವಿಸರ್ಜನಾಂಗವಾದ ಮಾಲ್ಪೀಘಿಯನ್ ನಾಳಗಳು ಮತ್ತು ಮಾಲ್ಪೀಘಿಯೇಸೀ ಎಂಬ ಸಸ್ಯಕುಟುಂಬ ಈತನ ಹೆಸರನ್ನು ಹೊತ್ತಿವೆ.