ಜಪಸರ ಹಾಕಿಕೊಂಡು ಭಿಕ್ಷೆಗೆ ಹೊರಟ ಪಾದ್ರಿ: ಮುಡಿಪಿನ ಸಂತ ಜೋಸೆಫ್ ವಾಜ್ ಯಾರು?

ಕೊಣಾಜೆ ದಾಟಿ ಮುಡಿಪಿಗೆ ಹೋದರೆ ಸಂತ ಜೋಸೆಫ್ ವಾಜ್ ಅವರ ಪುಣ್ಯಕ್ಷೇತ್ರ ಸಿಗುತ್ತದೆ. ಹೆಸರು ಎಲ್ಲರಿಗೂ ಗೊತ್ತು. ಆದರೆ ಈ ಮನುಷ್ಯ ಪಟ್ಟ ಪಾಡು ಗೊತ್ತಿರೋದು ಕಮ್ಮಿ ಜನಕ್ಕೆ.

ಜೋಸೆಫ್ ವಾಜ್ ಹುಟ್ಟಿದ್ದು 1651ರ ಏಪ್ರಿಲ್ 21ರಂದು, ಗೋವಾದ ಬಾಣಾವಲಿಯಲ್ಲಿ. ಮನೆಮಾತು ಕೊಂಕಣಿ. 1676ರಲ್ಲಿ ಪಾದ್ರಿಯಾದರು. 1681ರಲ್ಲಿ ಕೆನರಾ ಸೀಮೆಗೆ ಬಂದರು. ಆಗ ಇಲ್ಲಿ ಕೆಳದಿ ಚೆನ್ನಮ್ಮನ ಆಡಳಿತ. ಮಂಗಳೂರು, ಬಸ್ರೂರು, ಗಂಗೊಳ್ಳಿ ಅಂತ ಊರೂರು ತಿರುಗಿ, ಮೂರು ವರ್ಷ ಇಲ್ಲಿನ ಕ್ರೈಸ್ತರ ಸೇವೆ ಮಾಡಿದರು.

ಆ ಹೊತ್ತಿಗೆ ಸಿಲೋನಿನಿಂದ ಕೆಟ್ಟ ಸುದ್ದಿ ಬರುತ್ತಿತ್ತು. ಪೋರ್ಚುಗೀಸರನ್ನು ಓಡಿಸಿದ ಡಚ್ಚರು ಅಲ್ಲಿ ಕ್ಯಾಥೋಲಿಕ್ ಪೂಜೆ ನಿಲ್ಲಿಸಿದ್ದರು. ಪಾದ್ರಿಗೆ ಮನೆಯಲ್ಲಿ ಜಾಗ ಕೊಟ್ಟವರಿಗೆ ಮರಣದಂಡನೆ ಅಂತ ಕಟ್ಟಳೆ. ಎಷ್ಟೋ ವರ್ಷದಿಂದ ಅಲ್ಲಿ ಪಾದ್ರಿಗಳೇ ಇರಲಿಲ್ಲ.

1687ರಲ್ಲಿ ವಾಜ್ ಕೂಲಿಯವನ ವೇಷ ಹಾಕಿ, ಜಾನ್ ಎಂಬ ಸೇವಕನ ಜೊತೆ ದೋಣಿ ಹತ್ತಿದರು. ಜಾಫ್ನಾ ತಲುಪುವಷ್ಟರಲ್ಲಿ ಭೇದಿ ಹಿಡಿದು ಸಾಯುವ ಸ್ಥಿತಿ. ಹೇಗೋ ಚೇತರಿಸಿಕೊಂಡರು. ಆದರೆ ಕ್ಯಾಥೋಲಿಕರು ಯಾರು ಅಂತ ಗೊತ್ತಾಗೋದು ಹೇಗೆ? ಬಾಯಿಬಿಟ್ಟು ಕೇಳುವ ಹಾಗಿಲ್ಲ. ಕೊರಳಿಗೆ ಜಪಸರ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋದರು. ಅದನ್ನು ಕಂಡು ಯಾರ ಮುಖ ಬದಲಾಗುತ್ತೆ ಅಂತ ನೋಡಿದರು. ಹಾಗೆ ಒಂದೊಂದೇ ಮನೆ ಸಿಕ್ಕಿತು. ಆಮೇಲೆ ರಾತ್ರಿ ಹೊತ್ತಲ್ಲಿ ಗುಟ್ಟಾಗಿ ಪೂಜೆ ಶುರುವಾಯಿತು.

1689ರ ಕ್ರಿಸ್ಮಸ್‌ಗೆ ಡಚ್ಚರು ಜಾಫ್ನಾದಲ್ಲಿ ದಾಳಿ ಮಾಡಿ ಪೂಜೆಗೆ ಸೇರಿದ್ದವರನ್ನು ಹಿಡಿದರು. ಕೆಲವರಿಗೆ ಹೊಡೆತ, ಜೈಲು. ವಾಜ್ ಮಾತ್ರ ಸಿಗಲಿಲ್ಲ. ಅವರು ಊರಿಗೆ ವಾಪಸ್ ಹೋಗಬಹುದಿತ್ತು, ಹೋಗಲಿಲ್ಲ.

1692ರಲ್ಲಿ ಕ್ಯಾಂಡಿ ರಾಜ್ಯಕ್ಕೆ ಹೋದಾಗ ಪೋರ್ಚುಗೀಸ್ ಗೂಢಚಾರ ಅಂತ ದೂರು ಬಿತ್ತು. ರಾಜ ಎರಡನೇ ವಿಮಲಧರ್ಮಸೂರ್ಯ ಸೆರೆಯಲ್ಲಿಟ್ಟ. ವಾಜ್ ಸುಮ್ಮನೆ ಕೂರಲಿಲ್ಲ, ಸೆರೆಯಲ್ಲೇ ಸಿಂಹಳ ಕಲಿತರು. ಬರಗಾಲದಲ್ಲಿ ಅವರ ಪ್ರಾರ್ಥನೆಗೆ ಮಳೆ ಬಂತು ಅನ್ನೋದು ಭಕ್ತರ ನಂಬಿಕೆ. ಕೊನೆಗೆ ಬೌದ್ಧ ರಾಜನೇ ಅವರಿಗೆ ಆಸರೆಯಾದ.

1697ರಲ್ಲಿ ಕ್ಯಾಂಡಿಗೆ ಸಿಡುಬು ಬಂತು. ಮನೆಯವರೇ ರೋಗಿಗಳನ್ನು ಬಿಟ್ಟು ಓಡಿದರು. ವಾಜ್ ಮತ್ತು ಜೊತೆಗಿದ್ದ ಪಾದ್ರಿ ಅವರನ್ನು ಹುಡುಕಿ ಊಟ ಕೊಟ್ಟರು, ಆರೈಕೆ ಮಾಡಿದರು, ಸತ್ತವರನ್ನು ಮಣ್ಣು ಮಾಡಿದರು. ಜಾತಿ, ಧರ್ಮ ಕೇಳಲಿಲ್ಲ.

ಗೋವಾದಿಂದ ಇನ್ನಷ್ಟು ಪಾದ್ರಿಗಳು ಬಂದು ಸೇರಿದರು. ಅವರಲ್ಲಿ ಒಬ್ಬರಾದ ಜಾಕೋಮೆ ಗೊನ್ಸಾಲ್ವಿಸ್ ಸಿಂಹಳ, ತಮಿಳಿನಲ್ಲಿ ಪುಸ್ತಕ ಬರೆದರು. ದೊಡ್ಡ ಹುದ್ದೆ ಕೊಡಲು ಬಂದಾಗ ವಾಜ್ ಬೇಡ ಅಂದರು.

1711ರ ಜನವರಿ 16ರಂದು ಕ್ಯಾಂಡಿಯಲ್ಲೇ ತೀರಿಕೊಂಡರು. ಸಿಲೋನಿಗೆ ಹೋದ ಮೇಲೆ ಗೋವಾದ ಮುಖ ನೋಡಲೇ ಇಲ್ಲ. ಪೋಪ್ ಫ್ರಾನ್ಸಿಸ್ 2015ರ ಜನವರಿ 14ರಂದು ಕೊಲಂಬೊದಲ್ಲಿ ಅವರನ್ನು ಸಂತ ಎಂದು ಘೋಷಿಸಿದರು. ಒಂದು ಕಾಲದಲ್ಲಿ ಪಾದ್ರಿಗೆ ಜಾಗ ಕೊಟ್ಟರೆ ಜೀವ ಹೋಗುತ್ತಿದ್ದ ಊರಲ್ಲಿ, ಕಡಲ ತೀರದ ಬಯಲಲ್ಲಿ, ಲಕ್ಷಾಂತರ ಜನರ ಎದುರೇ ಆ ಪೂಜೆ ನಡೆಯಿತು.