ಮುಚ್ಚಿದ ಬಾಗಿಲು ತಟ್ಟಿದ ಎಡಿತ್ ಸ್ಟೈನ್

ಆಗಸ್ಟ್ 9ರಂದು ನಾವು ಸ್ಮರಿಸುವ ಶಿಲುಬೆಯ ಸಂತ ತೆರೇಸಾ ಬೆನೆಡಿಕ್ಟಾರನ್ನು ಕಾರ್ಮೆಲ್ ಮಠದ ರಕ್ತಸಾಕ್ಷಿಯಾಗಿ ನೀವು ಬಲ್ಲಿರಿ. ಮಠ ಸೇರುವ ಮುನ್ನ ಅವರು ತತ್ವಶಾಸ್ತ್ರದ ವಿದ್ವಾಂಸೆ ಎಡಿತ್ ಸ್ಟೈನ್. ಹೆಣ್ಣಾಗಿ ಆ ದಾರಿಯಲ್ಲಿ ಅವರು ಪಟ್ಟ ಪಾಡನ್ನು ಇಂದು ನೆನೆಯೋಣ.

1891ರ ಅಕ್ಟೋಬರ್ 12ರಂದು ಅಂದಿನ ಜರ್ಮನಿಯ ಬ್ರೆಸ್ಲಾವ್ ನಗರದ ಯೆಹೂದ್ಯ ಮನೆಯಲ್ಲಿ ಅವರು ಜನಿಸಿದರು. ಎರಡು ವರ್ಷ ತುಂಬುವ ಮೊದಲೇ ತಂದೆ ತೀರಿಕೊಂಡರು. ತಾಯಿ ಮರದ ವ್ಯಾಪಾರ ನಡೆಸಿ ಏಳು ಮಕ್ಕಳನ್ನು ಸಾಕಿದರು. ದುಡಿಯುವ ತಾಯಿಯನ್ನು ನೋಡುತ್ತಾ ಬೆಳೆದ ಮಗಳು 1913ರಲ್ಲಿ ಗಟ್ಟಿಂಗೆನ್‌ಗೆ ಹೋಗಿ ತತ್ವಜ್ಞಾನಿ ಹುಸ್ಸೆರ್ಲರ ಶಿಷ್ಯೆಯಾದರು. ಮಹಾಯುದ್ಧದಲ್ಲಿ ಕೆಲಕಾಲ ರೋಗಿಗಳ ಶುಶ್ರೂಷೆ ಮಾಡಿ, 1916ರಲ್ಲಿ ಅತ್ಯುನ್ನತ ದರ್ಜೆಯೊಂದಿಗೆ ಡಾಕ್ಟರೇಟ್ ಪಡೆದರು. ಪರರ ಅನುಭವವನ್ನು ನಾವು ಅರಿಯುವುದು ಹೇಗೆ ಎಂಬುದೇ ಪ್ರಬಂಧದ ವಿಷಯ.

ಬಳಿಕ ಗುರುವಿನ ಸಹಾಯಕಿಯಾಗಿ, ಅವರ ಶೀಘ್ರಲಿಪಿಯ ಹಸ್ತಪ್ರತಿಗಳ ರಾಶಿಯನ್ನು ಓದಿ ಜೋಡಿಸಿದರು. ಕಾಲಪ್ರಜ್ಞೆಯ ಕುರಿತ ಉಪನ್ಯಾಸಗಳನ್ನು ಹೀಗೆ ಸಿದ್ಧಪಡಿಸಿದವರು ಎಡಿತ್. 1928ರಲ್ಲಿ ಅವು ಅಚ್ಚಾದಾಗ ಸಂಪಾದಕರ ಸ್ಥಾನದಲ್ಲಿದ್ದ ಹೆಸರು ಹೈಡೆಗ್ಗರರದು.

1919ರಲ್ಲಿ ಪ್ರಾಧ್ಯಾಪಕ ವೃತ್ತಿಯ ಅರ್ಹತೆಗಾಗಿ ಗಟ್ಟಿಂಗೆನ್‌ಗೆ ಅರ್ಜಿ ಹಾಕಿದರು. ಹೆಣ್ಣೆಂಬ ಕಾರಣಕ್ಕೆ ಅದು ಮುಂದೆ ಹೋಗಲೇ ಇಲ್ಲ. ಎಡಿತ್ ಕಣ್ಣೀರಿಟ್ಟು ಕೂರಲಿಲ್ಲ. ಪ್ರಷ್ಯದ ಸಚಿವಾಲಯಕ್ಕೇ ದೂರು ಬರೆದರು. ಹೆಣ್ತನ ಇಂಥ ಅರ್ಹತೆಗೆ ಅಡ್ಡಿಯಾಗಕೂಡದೆಂದು 1920ರ ಫೆಬ್ರವರಿಯಲ್ಲಿ ಆಜ್ಞೆ ಹೊರಟಿತು. ಆದರೆ ನೋಡಿ, ಅವರು ತೆರೆಸಿದ ಬಾಗಿಲು ಅವರಿಗೆ ದಕ್ಕಲಿಲ್ಲ. ಮುಂದೆ ಮತ್ತೆ ಪ್ರಯತ್ನಿಸಿದರೂ ವಿಶ್ವವಿದ್ಯಾಲಯದ ಪೀಠ ಸಿಗಲಿಲ್ಲ.

1921ರಲ್ಲಿ ಆವಿಲಾದ ಸಂತ ತೆರೇಸಾರ ಆತ್ಮಕಥೆ ಓದಿದರು. 1922ರ ಜನವರಿ 1ರಂದು ದೀಕ್ಷಾಸ್ನಾನ ಪಡೆದರು. ಸ್ಪೇಯರ್‌ನ ಡೊಮಿನಿಕನ್ ಭಗಿನಿಯರ ಶಾಲೆಯಲ್ಲಿ ಪಾಠ ಹೇಳುತ್ತಲೇ ಸಂತ ತೋಮಸ್ ಅಕ್ವಿನಾಸರನ್ನು ಜರ್ಮನ್‌ಗೆ ತಂದರು. 1932ರಲ್ಲಿ ಮ್ಯೂನ್‌ಸ್ಟರ್‌ನ ಸಂಸ್ಥೆಯೊಂದರಲ್ಲಿ ಉಪನ್ಯಾಸಕಿಯಾದರು. ಮರುವರ್ಷವೇ ನಾಜಿ ಆಡಳಿತ ಅದನ್ನೂ ಕಸಿಯಿತು. ಆ ಅಕ್ಟೋಬರಿನಲ್ಲಿ ಕಲೋನ್‌ನ ಕಾರ್ಮೆಲ್ ಮಠ ಸೇರಿದರು. ಅಲ್ಲಿ ಬರೆದ ಮಹಾಗ್ರಂಥ ಯೆಹೂದ್ಯಳದ್ದೆಂದು ಅಚ್ಚಾಗಲಿಲ್ಲ. ಬೆಳಕು ಕಂಡದ್ದು 1950ರಲ್ಲಿ. ಅಷ್ಟರಲ್ಲಿ, 1942ರ ಆಗಸ್ಟ್ 9ರಂದು, ಅಕ್ಕ ರೋಸಾಳೊಂದಿಗೆ ಆಶ್‌ವಿಟ್ಜ್‌ನಲ್ಲಿ ಅವರನ್ನು ಕೊಲ್ಲಲಾಗಿತ್ತು. 1998ರಲ್ಲಿ ಧರ್ಮಸಭೆ ಅವರನ್ನು ಸಂತರೆಂದು ಸಾರಿತು.

ಓದುಗರೇ, ಎಡಿತ್ ಬರೆದ ದೂರು ತಮ್ಮೊಬ್ಬರ ಪಾಲಿಗೆ ಫಲ ಕೊಡಲಿಲ್ಲ, ಹಿಂದೆ ಬಂದವರಿಗೆ ಕೊಟ್ಟಿತು. ಇಂದು ರಾತ್ರಿ ಊಟಕ್ಕೆ ಕುಳಿತಾಗ ನಿಮ್ಮ ಮಗಳು ಏನಾದರೂ ಏಕೆ ಎಂದು ಕೇಳಿದರೆ, ಹೆಣ್ಣಿಗೇಕೆ ಇದೆಲ್ಲ ಎಂದು ಬಾಯಿ ಮುಚ್ಚಿಸಬೇಡಿ. ಸತ್ಯವನ್ನು ಹುಡುಕುತ್ತಾ ಹೊರಟವಳು ಎಲ್ಲಿ ತಲುಪಿದಳೆಂಬುದನ್ನು ನೆನೆದು, ಒಂದು ಗಳಿಗೆ ಕಿವಿಗೊಡಿ.